ನಾಯಿಯ ನೀರಿನ ಬಟ್ಟಲನ್ನು ಒಮ್ಮೆ ನೋಡಿ

ಮಳೆಗಾಲದ ಸಂಜೆ. ದೀಪ ಹಚ್ಚುವ ಹೊತ್ತಿಗೆ ನಾವು ಕಿಟಕಿ ಬಾಗಿಲು ಮುಚ್ಚುತ್ತೇವೆ. ಮಕ್ಕಳ ಕೈಕಾಲಿಗೆ ಸೊಳ್ಳೆ ಮುಲಾಮು ಸವರುತ್ತೇವೆ. ಮಲಗುವ ಮುನ್ನ ಸೊಳ್ಳೆಪರದೆಯ ಅಂಚನ್ನು ಹಾಸಿಗೆಯ ಕೆಳಗೆ ಸಿಕ್ಕಿಸುತ್ತೇವೆ. ಅದೇ ಹೊತ್ತಿನಲ್ಲಿ ಮನೆಯ ನಾಯಿ ಜಗಲಿಯ ಮೇಲೋ, ಗೇಟಿನ ಪಕ್ಕದಲ್ಲೋ ಗೋಣಿಚೀಲದ ಮೇಲೆ ಸುರುಳಿಯಾಗಿ ಮಲಗುತ್ತದೆ. ಮೂಗನ್ನು ಬಾಲದಡಿ ಹುದುಗಿಸಿಕೊಳ್ಳುತ್ತದೆ. ಕಿವಿಯನ್ನು ಪಟಪಟನೆ ಬಡಿಯುತ್ತದೆ. ಏಳುತ್ತದೆ, ಜಾಗ ಬದಲಿಸುತ್ತದೆ, ಮತ್ತೆ ಮಲಗುತ್ತದೆ. ಅದು ಕಾವಲಿಗಾಗಿ ಎಚ್ಚರವಾಗಿದೆ ಎಂದು ನಾವು ಭಾವಿಸುತ್ತೇವೆ. ಎಷ್ಟೋ ರಾತ್ರಿ ಅದನ್ನು ಎಚ್ಚರವಾಗಿ ಇಟ್ಟಿರುವುದು ಕಳ್ಳರಲ್ಲ, ಸೊಳ್ಳೆಗಳು.

ನಾಯಿಗೆ ಮೈತುಂಬ ಕೂದಲಿದೆ, ಸೊಳ್ಳೆ ಅದನ್ನು ಏನು ಮಾಡೀತು ಎಂಬ ಮಾತನ್ನು ಕೇಳಿದ್ದೇನೆ. ಸೊಳ್ಳೆ ಕೂದಲಿರುವ ಜಾಗವನ್ನು ಹುಡುಕಿಕೊಂಡು ಬರುವುದಿಲ್ಲ. ಮೂಗಿನ ಮೇಲ್ಭಾಗ, ಕಿವಿಯ ಒಳಬದಿ, ಹೊಟ್ಟೆ, ತೊಡೆಯ ಸಂದು ಇವೆಲ್ಲ ನಾಯಿಗೆ ಬರಿಮೈ ಇದ್ದಂತೆಯೇ. ನಮ್ಮ ಬೀದಿಯ ನಾಡತಳಿಗಳಿಗೂ, ಬಾಗಲಕೋಟೆ ಜಿಲ್ಲೆಯ ಹೆಮ್ಮೆಯಾದ ಮುಧೋಳ ನಾಯಿಗೂ ಇರುವುದು ಗಿಡ್ಡ ಕೂದಲು. ಅದು ಸೊಳ್ಳೆಯ ಸೂಜಿಯನ್ನು ತಡೆಯುವಷ್ಟು ದಪ್ಪವಿಲ್ಲ. ಉಸಿರಿನ ಇಂಗಾಲದ ಡೈಆಕ್ಸೈಡ್, ಮೈಯ ಶಾಖ, ಮೈಯ ವಾಸನೆ ಈ ಮೂರರ ಜಾಡು ಹಿಡಿದು ಸೊಳ್ಳೆ ಬರುತ್ತದೆ. ನಾಯಿಯ ಮೈಯ ಶಾಖ ನಮಗಿಂತ ಹೆಚ್ಚು, ಸುಮಾರು 38ರಿಂದ 39 ಡಿಗ್ರಿ ಸೆಲ್ಸಿಯಸ್. ಹೊರಗೆ ಮಲಗಿದ ನಾಯಿ ಸೊಳ್ಳೆಗೆ ಸುಲಭವಾಗಿ ಸಿಗುವ ಊಟ.

ಕಡಿತದ ತುರಿಕೆಯೊಂದೇ ಆಗಿದ್ದರೆ ಇಷ್ಟು ಬರೆಯಬೇಕಾಗಿರಲಿಲ್ಲ. ಸೊಳ್ಳೆ ಒಂದು ನಾಯಿಯ ರಕ್ತದಿಂದ ಇನ್ನೊಂದು ನಾಯಿಗೆ ಹುಳುಗಳನ್ನು ಸಾಗಿಸುತ್ತದೆ. ಇವುಗಳಲ್ಲಿ ಒಂದು ಹೃದಯದ ಹುಳು, ಅಂದರೆ ಹಾರ್ಟ್‌ವರ್ಮ್. ಸೊಳ್ಳೆಯ ಒಡಲಲ್ಲಿ ಸುಮಾರು ಎರಡು ವಾರ ಬೆಳೆದ ಮರಿಹುಳು ಕಡಿತದ ಗಾಯದಿಂದ ನಾಯಿಯ ಮೈ ಸೇರುತ್ತದೆ. ಆರೇಳು ತಿಂಗಳಲ್ಲಿ ಅದು ಶ್ವಾಸಕೋಶದ ರಕ್ತನಾಳಗಳಿಗೂ ಹೃದಯಕ್ಕೂ ಬಂದು ನೆಲೆಸುತ್ತದೆ. ಹೆಣ್ಣುಹುಳು 25ರಿಂದ 30 ಸೆಂಟಿಮೀಟರ್ ಉದ್ದ ಬೆಳೆಯಬಲ್ಲದು. ಐದರಿಂದ ಏಳು ವರ್ಷ ಬದುಕಬಲ್ಲದು. ನಮ್ಮ ದೇಶದಲ್ಲಿ ಇದು ಹೆಚ್ಚಾಗಿ ಕಂಡುಬಂದಿರುವುದು ಈಶಾನ್ಯ ರಾಜ್ಯಗಳಲ್ಲಿ. ಕೇರಳ ಮತ್ತು ಕರ್ನಾಟಕದ ಕರಾವಳಿಯಲ್ಲಿ ಅದರ ಇನ್ನೊಂದು ಬಂಧು ಇದೆ. ಡೈರೋಫೈಲೇರಿಯಾ ರೆಪೆನ್ಸ್ ಎಂಬುದು ಅದರ ಹೆಸರು. ಅದು ನಾಯಿಯ ಚರ್ಮದ ಅಡಿಯಲ್ಲಿ ವಾಸಿಸುತ್ತದೆ. ಅಪರೂಪಕ್ಕೆ ಸೊಳ್ಳೆಯ ಮೂಲಕವೇ ಮನುಷ್ಯರಿಗೂ ಬರುತ್ತದೆ. ಕಣ್ಣಿನ ಬಿಳಿಭಾಗದಲ್ಲಿ ಹರಿದಾಡುವ ಇಂಥ ಹುಳುವನ್ನು ಕರಾವಳಿಯ ವೈದ್ಯರು ಶಸ್ತ್ರಚಿಕಿತ್ಸೆ ಮಾಡಿ ಹೊರತೆಗೆದ ಪ್ರಕರಣಗಳು ವೈದ್ಯಕೀಯ ಪತ್ರಿಕೆಗಳಲ್ಲಿ ದಾಖಲಾಗಿವೆ.

ಇಲ್ಲಿ ಒಂದು ಮಾತನ್ನು ಸ್ಪಷ್ಟವಾಗಿ ಹೇಳಬೇಕು. ನಾಯಿಯನ್ನು ಮುಟ್ಟುವುದರಿಂದ, ಅದು ನೆಕ್ಕುವುದರಿಂದ ಈ ಹುಳು ನಮಗೆ ಬರುವುದಿಲ್ಲ. ನಡುವೆ ಸೊಳ್ಳೆ ಇರಲೇಬೇಕು. ಹಾಗಾಗಿ ಇಲ್ಲಿ ನಾಯಿ ನಮ್ಮಂತೆಯೇ ನೊಂದ ಜೀವ. ಅದನ್ನು ಸೊಳ್ಳೆಯಿಂದ ಕಾಪಾಡಿದರೆ ನಮ್ಮ ಮನೆಯವರನ್ನೂ ಕಾಪಾಡಿದಂತೆ.

ಓದುಗರೇ, ಈಗ ನಿಮ್ಮೊಡನೆ ನೇರವಾಗಿ ಮಾತನಾಡುತ್ತೇನೆ. ನಿಮ್ಮ ಮನೆಯಲ್ಲಿ ನಾಯಿ ಇರಬಹುದು. ಇಲ್ಲದಿದ್ದರೂ ನಿಮ್ಮ ಬೀದಿಯ ನಾಯಿಗೆ ನೀವು ಬಿಸ್ಕತ್ತು ಹಾಕಿರಬಹುದು, ಬೇಸಿಗೆಯಲ್ಲಿ ನೀರಿಟ್ಟಿರಬಹುದು. ನಿಮಗೆ ಕರುಣೆಯ ಪಾಠ ಹೇಳುವ ಅಗತ್ಯವಿಲ್ಲ. ನಿಮ್ಮಲ್ಲಿರುವ ಆ ಕರುಣೆ ಸರಿಯಾದ ದಾರಿಯಲ್ಲಿ ಕೆಲಸ ಮಾಡಲಿ ಎಂಬುದಷ್ಟೇ ನನ್ನ ಆಸೆ. ನಾಲ್ಕು ಕೆಲಸಗಳನ್ನು ನಿಮ್ಮಲ್ಲಿ ಕೇಳಿಕೊಳ್ಳುತ್ತೇನೆ.

ಮೊದಲನೆಯದು, ನಾಯಿಯ ನೀರಿನ ಬಟ್ಟಲು.

ನಮ್ಮ ಬೀದಿಯಲ್ಲಿ ಒಂದು ಬೇಸಿಗೆ ನಾವು ಕೆಲವರು ಸೇರಿ ಬೀದಿನಾಯಿಗಳಿಗಾಗಿ ಸಿಮೆಂಟಿನ ಬಟ್ಟಲು ಇಟ್ಟೆವು. ಏಪ್ರಿಲ್, ಮೇ ತಿಂಗಳಲ್ಲಿ ದಿನವೂ ತಪ್ಪದೆ ನೀರು ತುಂಬಿದೆವು. ಜೂನ್‌ನಲ್ಲಿ ಮಳೆ ಹಿಡಿಯಿತು. ನಾಯಿಗಳಿಗೆ ಎಲ್ಲೆಲ್ಲೂ ನೀರು ಸಿಕ್ಕಿತು. ನಾವು ಬಟ್ಟಲನ್ನು ಮರೆತೆವು. ಒಂದು ಬೆಳಿಗ್ಗೆ ಬಗ್ಗಿ ನೋಡಿದಾಗ ನೀರಿನಲ್ಲಿ ಕೊಂಕಿ ಕೊಂಕಿ ಈಜುವ ಹುಳುಗಳು ತುಂಬಿದ್ದವು. ಎಲ್ಲವೂ ಸೊಳ್ಳೆಯ ಮರಿಗಳು. ಎರಡು ಮಾರು ದೂರದಲ್ಲಿ ನಮ್ಮ ಬೀದಿಯ ನಾಯಿ ಕೆಂಚ ಮಲಗಿತ್ತು. ಅದರ ಕಿವಿಯ ತುದಿಯಲ್ಲಿ ಕಡಿತದ ಕಪ್ಪು ಹಕ್ಕಳೆಗಳಿದ್ದವು. ಅದಕ್ಕೆಂದು ಇಟ್ಟ ನೀರಿನಲ್ಲೇ ಅದನ್ನು ಕಡಿಯುವ ಸೊಳ್ಳೆಗಳು ಹುಟ್ಟಿದ್ದವು. ಆ ದೃಶ್ಯ ನನ್ನ ಮನಸ್ಸಿನಿಂದ ಇನ್ನೂ ಮಾಸಿಲ್ಲ.

ಈ ಪಾಠ ಹೊಸದಲ್ಲ. ಇದನ್ನು ಕಲಿಸಿದ ಊರು ನಮ್ಮ ಬೆಂಗಳೂರು. 1883ರಲ್ಲಿ ರೊನಾಲ್ಡ್ ರಾಸ್ ಎಂಬ ಯುವ ಸೇನಾ ವೈದ್ಯ ಬೆಂಗಳೂರಿನ ದಂಡಿನ ಪ್ರದೇಶಕ್ಕೆ ಬಂದ. ತಾನಿದ್ದ ಬಂಗಲೆಯಲ್ಲಿ ಸೊಳ್ಳೆಯ ಕಾಟ ವಿಪರೀತವಾಗಿತ್ತು. ಹತ್ತಿರದಲ್ಲೇ ಇದ್ದ ನೀರಿನ ತೊಟ್ಟಿಯಲ್ಲಿ ಸೊಳ್ಳೆಮರಿಗಳು ತುಂಬಿರುವುದನ್ನು ಅವನು ಕಂಡ. ತೊಟ್ಟಿಯನ್ನು ಬರಿದು ಮಾಡಿದಾಗ ಸೊಳ್ಳೆಗಳು ಇಳಿದವು. ಹದಿನಾಲ್ಕು ವರ್ಷಗಳ ನಂತರ, 1897ರ ಆಗಸ್ಟ್ 20ರಂದು, ಅದೇ ರಾಸ್ ಸಿಕಂದರಾಬಾದಿನಲ್ಲಿ ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯಾದ ಪರೋಪಜೀವಿಯನ್ನು ಕಂಡುಹಿಡಿದ. 1902ರಲ್ಲಿ ನೊಬೆಲ್ ಪ್ರಶಸ್ತಿ ಪಡೆದ. ಆ ದೊಡ್ಡ ಕೆಲಸ ಎಲ್ಲರಿಂದಲೂ ಆಗುವಂಥದ್ದಲ್ಲ. ತೊಟ್ಟಿ ಬರಿದು ಮಾಡುವ ಕೆಲಸ ಎಲ್ಲರಿಂದಲೂ ಆಗುತ್ತದೆ.

ದಯವಿಟ್ಟು ನಾಯಿಯ ಬಟ್ಟಲಿನ ನೀರನ್ನು ದಿನವೂ ಬದಲಿಸಿ. ವಾರಕ್ಕೊಮ್ಮೆ ಬಟ್ಟಲಿನ ಒಳಬದಿಯನ್ನು ತೆಂಗಿನ ನಾರಿನಿಂದ ಗಸಗಸನೆ ಉಜ್ಜಿ ತೊಳೆಯಿರಿ. ನೀರು ಚೆಲ್ಲಿದರೆ ಸಾಲದೇ ಎಂದು ನೀವು ಕೇಳಬಹುದು. ಸಾಲದು. ಡೆಂಗಿ ಹರಡುವ ಈಡಿಸ್ ಸೊಳ್ಳೆ ತನ್ನ ಮೊಟ್ಟೆಗಳನ್ನು ಪಾತ್ರೆಯ ಗೋಡೆಗೆ ಅಂಟಿಸಿ ಇಡುತ್ತದೆ. ಆ ಮೊಟ್ಟೆಗಳು ಒಣಗಿದ ಪಾತ್ರೆಯಲ್ಲೂ ತಿಂಗಳುಗಟ್ಟಲೆ ಉಳಿದು, ಮತ್ತೆ ನೀರು ಸೋಕಿದಾಗ ಒಡೆಯುತ್ತವೆ. ಬೆಚ್ಚನೆಯ ಹವೆಯಲ್ಲಿ ಮೊಟ್ಟೆಯೊಂದು ಹಾರುವ ಸೊಳ್ಳೆಯಾಗಲು ಸುಮಾರು ಏಳರಿಂದ ಹತ್ತು ದಿನ ಬೇಕು. ವಾರಕ್ಕೊಮ್ಮೆ ಉಜ್ಜಿದರೆ ಆ ಸರಪಳಿ ತುಂಡಾಗುತ್ತದೆ. ಹಾಗೆಯೇ ಮನೆಯ ಸುತ್ತ ಒಂದು ಸುತ್ತು ಬನ್ನಿ. ಹೂಕುಂಡದ ಕೆಳಗಿನ ತಟ್ಟೆ, ಹಿತ್ತಲಿನ ತೆಂಗಿನ ಚಿಪ್ಪು, ಮೂಲೆಯಲ್ಲಿ ಬಿದ್ದ ಅಡಿಕೆ ಹಾಳೆ, ಹಳೆಯ ಟೈರು, ಮುಚ್ಚಳ ಸರಿಯಿಲ್ಲದ ಸಂಪು ಎಲ್ಲವನ್ನೂ ನೋಡಿ. ಬರಿದು ಮಾಡಬಹುದಾದುದನ್ನು ಬರಿದು ಮಾಡಿ, ಕವುಚಬಹುದಾದುದನ್ನು ಕವುಚಿ ಇಡಿ, ಉಳಿದುದನ್ನು ಮುಚ್ಚಿ. ನಾಯಿಗೆ ನೀವು ಕೊಡಬಹುದಾದ ಅತ್ಯಂತ ಸಹಜವಾದ ಸೊಳ್ಳೆನಿವಾರಕ ಇದೇ. ಇದರಿಂದ ಯಾರಿಗೂ ಅಡ್ಡಪರಿಣಾಮವಿಲ್ಲ.

ಎರಡನೆಯದು, ನಾಯಿ ಮಲಗುವ ಜಾಗ.

ಸೊಳ್ಳೆ ಬಲವಾಗಿ ಹಾರಬಲ್ಲ ಕೀಟವಲ್ಲ. ಬೀಸುವ ಗಾಳಿಯಲ್ಲಿ ಅದು ನೇರವಾಗಿ ಬಂದು ಕೂರಲಾರದು. ನಾಯಿ ಮನೆಯೊಳಗೆ ಅಥವಾ ಜಗಲಿಯಲ್ಲಿ ಮಲಗುತ್ತಿದ್ದರೆ ಅದರ ಕಡೆಗೆ ಒಂದು ಫ್ಯಾನ್ ತಿರುಗಿಸಿ. ವೈರನ್ನು ಮಾತ್ರ ಅದರ ಬಾಯಿಗೆ ಸಿಗದಂತೆ ಕಟ್ಟಿ. ನಾಯಿಗೂಡು ಇದ್ದರೆ ಅದರ ಬಾಗಿಲಿಗೂ ಕಿಂಡಿಗೂ ಸೊಳ್ಳೆ ಜಾಲರಿ ಹೊಡೆಸಿ, ಗಾಳಿ ಆಡಲು ಜಾಗ ಬಿಡಿ. ಹಾಸನ್ನು ನೆಲದಿಂದ ಗೇಣುದ್ದ ಎತ್ತರಿಸಿದರೆ ತೇವ ತಗ್ಗುತ್ತದೆ. ಗೋಣಿಚೀಲವನ್ನು ವಾರಕ್ಕೊಮ್ಮೆ ಒಗೆದು ಬಿಸಿಲಿಗೆ ಹಾಕಿ. ಈಡಿಸ್ ಸೊಳ್ಳೆ ಬೆಳಗಿನ ಹೊತ್ತು ಮತ್ತು ಸೂರ್ಯ ಮುಳುಗುವ ಮೊದಲು ಹೆಚ್ಚು ಕಡಿಯುತ್ತದೆ. ಚರಂಡಿಯ ಕೊಳಕು ನೀರಿನಲ್ಲಿ ಹುಟ್ಟುವ ಕ್ಯೂಲೆಕ್ಸ್ ರಾತ್ರಿ ಕಡಿಯುತ್ತದೆ. ಸಾಧ್ಯವಿದ್ದರೆ ಮುಸ್ಸಂಜೆಯ ನಂತರ ನಾಯಿಯನ್ನು ಒಳಗೆ ಕರೆದುಕೊಳ್ಳಿ. ವಾಯುವಿಹಾರಕ್ಕೆ ಕರೆದೊಯ್ಯುವಾಗ ನೀರು ನಿಂತ ಚರಂಡಿ, ದಟ್ಟ ಪೊದೆಗಳ ಪಕ್ಕದ ದಾರಿಯನ್ನು ಬಿಟ್ಟು ನಡೆಯಿರಿ.

ಮೂರನೆಯದು, ಮೈಗೆ ಹಚ್ಚುವ ಎಣ್ಣೆ. ಇಲ್ಲಿ ನಿಮ್ಮ ಗಮನ ಹೆಚ್ಚು ಬೇಕು.

ಒಂದು ಸೂತ್ರವನ್ನು ನೆನಪಿಡಿ. ನಾಯಿಯ ಮೈಗೆ ಹಚ್ಚಿದ್ದು ನಾಯಿಯ ಹೊಟ್ಟೆಗೆ ಹೋಗುತ್ತದೆ. ಅದು ತನ್ನ ಮೈಯನ್ನು ನಾಲಿಗೆಯಿಂದಲೇ ತೊಳೆದುಕೊಳ್ಳುವ ಪ್ರಾಣಿ. ಆದ್ದರಿಂದ ತಿಂದರೆ ಅಪಾಯವಾಗುವ ಯಾವುದನ್ನೂ ಹಚ್ಚಬಾರದು. ನಮಗೆ ಒಗ್ಗಿದ್ದು ಅದಕ್ಕೂ ಒಗ್ಗುತ್ತದೆ ಎಂದು ನೆಚ್ಚಬಾರದು. ಗಿಡದಿಂದ ಬಂದದ್ದೆಲ್ಲ ಸುರಕ್ಷಿತ ಎಂಬ ನಂಬಿಕೆಯೂ ನಾಯಿಯ ಮಟ್ಟಿಗೆ ಸರಿಯಲ್ಲ.

ನಮ್ಮ ನೆಲದಲ್ಲಿ ಬೇವಿಗೆ ದೊಡ್ಡ ಹೆಸರಿದೆ. ಅದಕ್ಕೆ ಆಧಾರವೂ ಇದೆ. ತೆಂಗಿನೆಣ್ಣೆಯಲ್ಲಿ ಶೇ 2ರಷ್ಟು ಬೇವಿನೆಣ್ಣೆ ಬೆರೆಸಿ ಮನುಷ್ಯರ ಮೈಗೆ ಹಚ್ಚಿದಾಗ ಮಲೇರಿಯಾ ಹರಡುವ ಅನಾಫಿಲಿಸ್ ಸೊಳ್ಳೆಗಳು ರಾತ್ರಿಯಿಡೀ ಕಡಿಯಲಿಲ್ಲ ಎಂದು ಭಾರತದ ಮಲೇರಿಯಾ ಸಂಶೋಧಕರು 1993ರಲ್ಲಿ ವರದಿ ಮಾಡಿದರು. ಆದರೆ ನಾಯಿ ಮಣ್ಣಿನಲ್ಲಿ ಹೊರಳುತ್ತದೆ, ಮೈ ನೆಕ್ಕುತ್ತದೆ. ಅದರ ಮೈಮೇಲೆ ಎಣ್ಣೆ ಅಷ್ಟು ಹೊತ್ತು ನಿಲ್ಲುವುದಿಲ್ಲ. ಬೇವಿನೆಣ್ಣೆ ಗಾಢವಾಗಿದ್ದು ಹೊಟ್ಟೆಗೆ ಹೋದರೆ ಜೊಲ್ಲು ಸುರಿಯುವುದು, ವಾಂತಿ ಆಗುವುದು ಉಂಟು. ಆದ್ದರಿಂದ ತೆಳುವಾಗಿಯೇ ಇರಲಿ. 100 ಮಿಲಿಲೀಟರ್ ಕೊಬ್ಬರಿ ಎಣ್ಣೆಗೆ 1 ಮಿಲಿಲೀಟರ್ ಬೇವಿನೆಣ್ಣೆ, ಅಂದರೆ ಸುಮಾರು 20 ಹನಿ ಸಾಕು. ಇದನ್ನು ಶುರು ಮಾಡುವ ಮೊದಲು ನಿಮ್ಮ ಪಶುವೈದ್ಯರನ್ನು ಒಂದು ಮಾತು ಕೇಳಿ. ಅವರು ಒಪ್ಪಿದರೆ ಮೊದಲ ದಿನ ಕತ್ತಿನ ಹಿಂಭಾಗದಲ್ಲಿ ಒಂದು ರೂಪಾಯಿ ನಾಣ್ಯದಷ್ಟು ಜಾಗಕ್ಕೆ ಮಾತ್ರ ಸವರಿ. ಒಂದು ದಿನ ಕಾಯಿರಿ. ಕೆಂಪಾಗದಿದ್ದರೆ, ತುರಿಸದಿದ್ದರೆ, ಹೊರಗೆ ಕರೆದೊಯ್ಯುವ ಮುನ್ನ ನಾಲಿಗೆಗೆ ಎಟುಕದ ಕಡೆ, ಅಂದರೆ ಕತ್ತಿನ ಹಿಂದೆ, ಹೆಗಲುಗಳ ನಡುವೆ, ಕಿವಿಯ ಹೊರಬದಿಗೆ ಅಂಗೈಯಿಂದ ತೆಳ್ಳಗೆ ಸವರಿ. ಕಣ್ಣು, ಮೂಗು, ಬಾಯಿ, ಗಾಯದ ಹತ್ತಿರ ಬೇಡ. ಎಳೆಯ ಮರಿಗಳಿಗೆ, ಗಬ್ಬದ ನಾಯಿಗೆ, ಹಾಲೂಡಿಸುವ ತಾಯಿಗೆ, ಕಾಯಿಲೆ ಬಿದ್ದ ನಾಯಿಗೆ ಇದನ್ನು ಹಚ್ಚಲೇಬೇಡಿ.

ಮನೆಯಲ್ಲಿ ಸುಲಭವಾಗಿ ಕೈಗೆ ಸಿಗುವ ಕೆಲವು ವಸ್ತುಗಳನ್ನು ದಯವಿಟ್ಟು ನಾಯಿಯಿಂದ ದೂರವಿಡಿ. ಕರ್ಪೂರವನ್ನು ಎಣ್ಣೆಯಲ್ಲಿ ಕರಗಿಸಿ ಹಚ್ಚುವ ಮನೆಮದ್ದು ಅನೇಕರಿಗೆ ಗೊತ್ತು. ಕರ್ಪೂರ ಮೈಯೊಳಗೆ ಹೋದರೆ ನಾಯಿಗೆ ಸೆಳೆತ ಬರಬಹುದು. ನೀಲಗಿರಿ ಎಣ್ಣೆ, ಟೀ ಟ್ರೀ ಎಣ್ಣೆ, ಲವಂಗದ ಎಣ್ಣೆ, ನಮ್ಮ ಕೀಲುನೋವಿನ ಮುಲಾಮು ಇವೂ ನಾಯಿಗೆ ಒಳ್ಳೆಯದಲ್ಲ. ಮನುಷ್ಯರು ಹಚ್ಚಿಕೊಳ್ಳುವ ಸೊಳ್ಳೆ ಮುಲಾಮುಗಳಲ್ಲಿ ಹಲವಕ್ಕೆ ಡೀಟ್ ಎಂಬ ರಾಸಾಯನಿಕ ಸೇರಿರುತ್ತದೆ. ನಾಯಿ ಅದನ್ನು ನೆಕ್ಕಿದರೆ ವಾಂತಿ, ನಡುಕ ಕಾಣಿಸಿಕೊಳ್ಳಬಹುದು. ಬೆಳ್ಳುಳ್ಳಿ ತಿನ್ನಿಸಿದರೆ ಸೊಳ್ಳೆ ಹತ್ತಿರ ಬರುವುದಿಲ್ಲ ಎಂಬ ಮಾತು ಅಲ್ಲಲ್ಲಿ ಕೇಳಿಬರುತ್ತದೆ. ಬೆಳ್ಳುಳ್ಳಿಯೂ ಈರುಳ್ಳಿಯೂ ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ಆ ಪ್ರಯೋಗ ಬೇಡ. ನಿಮ್ಮ ಮನೆಯಲ್ಲಿ ಬೆಕ್ಕೂ ಇದ್ದರೆ ಇನ್ನೊಂದು ಎಚ್ಚರ. ನಾಯಿಗೆಂದು ಅಂಗಡಿಯಲ್ಲಿ ಸಿಗುವ ಕೆಲವು ಔಷಧಿಗಳಲ್ಲಿ ಪರ್ಮೆಥ್ರಿನ್ ಇರುತ್ತದೆ. ನಾಯಿ ಅದನ್ನು ತಾಳಿಕೊಳ್ಳುತ್ತದೆ, ಬೆಕ್ಕಿನ ಜೀವವನ್ನು ಅದು ತೆಗೆಯಬಲ್ಲದು.

ಹೊಗೆಯ ವಿಷಯವನ್ನೂ ಹೇಳಬೇಕು. ಮುಸ್ಸಂಜೆಯಲ್ಲಿ ದನದ ಕೊಟ್ಟಿಗೆಗೆ ಬೇವಿನ ಸೊಪ್ಪು, ಲಕ್ಕಿ ಸೊಪ್ಪಿನ ಹೊಗೆ ಹಾಕುವ ರೂಢಿ ನಮ್ಮ ಹಳ್ಳಿಗಳಲ್ಲಿ ಹಿಂದಿನಿಂದ ಇದೆ. ನಾಲ್ಕು ಕಡೆ ಗಾಳಿಯಾಡುವ ಕೊಟ್ಟಿಗೆಗೆ ಅದು ಸರಿ. ಬಯಲಿನಲ್ಲಿ ಹೊಗೆ ಹಾಕುವಾಗಲೂ ನಾಯಿ ತಾನಾಗಿ ದೂರ ಹೋಗಲು ದಾರಿ ಇರಬೇಕು. ಕಟ್ಟಿಹಾಕಿದ ನಾಯಿಯ ಪಕ್ಕದಲ್ಲಿ, ಮುಚ್ಚಿದ ಕೋಣೆಯಲ್ಲಿ ಹೊಗೆ ಹಾಕಬೇಡಿ. ಅದರ ಮೂಗು ನಮ್ಮ ಮೂಗಿಗಿಂತ ಎಷ್ಟೋ ಪಟ್ಟು ಸೂಕ್ಷ್ಮ. ಸೊಳ್ಳೆಬತ್ತಿಗೂ ಇದೇ ಮಾತು ಅನ್ವಯಿಸುತ್ತದೆ. ಬತ್ತಿಯನ್ನೂ ಸೊಳ್ಳೆ ಓಡಿಸುವ ದ್ರವದ ಬಾಟಲಿಯನ್ನೂ ನಾಯಿ ಕಚ್ಚದಂತೆ ಎತ್ತರದಲ್ಲಿಡಿ. ಇನ್ನು ತುಳಸಿ, ಮಜ್ಜಿಗೆ ಹುಲ್ಲು, ಚೆಂಡು ಹೂವಿನ ಗಿಡಗಳನ್ನು ನಾಯಿಗೂಡಿನ ಸುತ್ತ ನೆಡುವವರಿದ್ದಾರೆ. ಸಂತೋಷವಾಗಿ ನೆಡಿ, ಅಂಗಳ ಚೆಲುವಾಗುತ್ತದೆ. ಆದರೆ ಗಿಡ ಸುಮ್ಮನೆ ನಿಂತಿದ್ದರೆ ಸೊಳ್ಳೆ ಓಡುವುದಿಲ್ಲ. ಎಲೆ ಹೊಸಕಿದಾಗಲಷ್ಟೇ ಅದರ ಘಾಟು ಹೊರಬರುತ್ತದೆ. ಗಿಡದ ಬುಡದ ತಟ್ಟೆಯಲ್ಲಿ ನೀರು ನಿಂತರೆ ಸೊಳ್ಳೆ ಹೆಚ್ಚುತ್ತದೆ.

ನಾಲ್ಕನೆಯದು, ಪಶುವೈದ್ಯರ ಭೇಟಿ.

ಯಾವ ಎಣ್ಣೆಯೂ ಎಲ್ಲ ಕಡಿತವನ್ನು ತಡೆಯುವುದಿಲ್ಲ. ಒಂದೇ ಸೊಳ್ಳೆ ಸಾಕು ಹುಳುವನ್ನು ದಾಟಿಸಲು. ಆದ್ದರಿಂದ ವರ್ಷಕ್ಕೊಮ್ಮೆ ನಾಯಿಯ ರಕ್ತಪರೀಕ್ಷೆ ಮಾಡಿಸಿ. ಸೂಕ್ಷ್ಮದರ್ಶಕದಡಿ ಒಂದು ಹನಿ ರಕ್ತವನ್ನು ಇಟ್ಟರೆ ಮರಿಹುಳುಗಳಿದ್ದಲ್ಲಿ ಅವು ಮಿಸುಕಾಡುವುದು ಕಾಣಬಹುದು. ವೈದ್ಯರು ಹೇಳಿದರೆ ತಿಂಗಳಿಗೊಮ್ಮೆ ಕೊಡುವ ತಡೆಮದ್ದನ್ನು ಶುರು ಮಾಡಿ. ಪರೀಕ್ಷೆಗೆ ಮೊದಲು ಮದ್ದು ಕೊಡಬೇಡಿ. ರಕ್ತದಲ್ಲಿ ಆಗಲೇ ಹುಳುಗಳಿದ್ದರೆ ಅವು ಒಮ್ಮೆಲೇ ಸತ್ತು ನಾಯಿಗೆ ಅಪಾಯವಾಗಬಹುದು. ದನಕ್ಕೆ ತಂದ ಐವರ್ಮೆಕ್ಟಿನ್ ಚುಚ್ಚುಮದ್ದನ್ನು ಅಳತೆಯಿಲ್ಲದೆ ನಾಯಿಗೆ ಹಾಕುವುದಂತೂ ಬೇಡವೇ ಬೇಡ. ಕಾಲಿ (Collie) ಎಂಬ ತಳಿ ಮತ್ತು ಅದರ ಬಳಗದ ತಳಿಗಳಲ್ಲಿ ಅನೇಕ ನಾಯಿಗಳಿಗೆ ಅದು ಪ್ರಾಣಕ್ಕೇ ಕುತ್ತು. ನಾಯಿ ಬೇಗ ದಣಿಯುತ್ತಿದ್ದರೆ, ಕೆಮ್ಮುತ್ತಿದ್ದರೆ, ಸೊರಗುತ್ತಿದ್ದರೆ, ಚರ್ಮದಡಿ ಗಂಟು ಸಿಕ್ಕಿದರೆ ತಡಮಾಡದೆ ತೋರಿಸಿ. ದಿನವೂ ಅದರ ಮೈ ಸವರುವ ನಿಮ್ಮ ಕೈಗೆ ಇದು ಎಲ್ಲರಿಗಿಂತ ಮೊದಲು ತಿಳಿಯುತ್ತದೆ.

ಇಷ್ಟು ನಮ್ಮ ಮನೆಯ ನಾಯಿಗಾಯಿತು. ಬೀದಿಯ ನಾಯಿಗೆ ಫ್ಯಾನಿಲ್ಲ, ಗೂಡಿಲ್ಲ, ಕಿವಿಗೆ ಎಣ್ಣೆ ಸವರುವವರಿಲ್ಲ. ಅದರ ಪಾಲಿನ ರಕ್ಷಣೆ ನಮ್ಮ ಬೀದಿಯ ಶುಚಿತ್ವವೊಂದೇ. ಎಳನೀರು ಮಾರುವ ಅಣ್ಣನೊಡನೆ ವಿಶ್ವಾಸದಿಂದ ಮಾತನಾಡಿ, ಬುರುಡೆಗಳನ್ನು ಮಳೆ ನೀರು ತುಂಬದಂತೆ ಮುಚ್ಚಿಡಲು, ಬೇಗ ಸಾಗಿಸಲು ಕೇಳಿಕೊಳ್ಳಿ. ಪಂಕ್ಚರ್ ಅಂಗಡಿಯವರಿಗೆ ಹಳೆ ಟೈರುಗಳ ಮೇಲೆ ತಾಡಪಾಲು ಹೊದಿಸಲು ಹೇಳಿ, ಕೈಜೋಡಿಸಿ. ಚರಂಡಿ ಕಟ್ಟಿಕೊಂಡಿದ್ದರೆ ಪಂಚಾಯಿತಿಗೋ ನಗರಸಭೆಗೋ ನಾಲ್ಕು ಮನೆಯವರು ಸೇರಿ ಅರ್ಜಿ ಕೊಡಿ. ಬೀದಿನಾಯಿಗಳಿಗೆ ನೀರಿಡುವ ಒಳ್ಳೆಯ ಕೆಲಸವನ್ನು ಸೊಳ್ಳೆಗೆ ಹೆದರಿ ನಿಲ್ಲಿಸಬೇಡಿ. ಬಟ್ಟಲಿಗೊಬ್ಬರು ಜವಾಬ್ದಾರಿ ವಹಿಸಿಕೊಳ್ಳಿ. ನಮ್ಮ ಬೀದಿಯಲ್ಲಿ ಈಗ ಹಾಗೆಯೇ ಮಾಡಿದ್ದೇವೆ. ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು ಮನೆ. ಮಕ್ಕಳು ಈ ಸರದಿಯನ್ನು ದೊಡ್ಡವರಿಗಿಂತ ಚೆನ್ನಾಗಿ ಪಾಲಿಸುತ್ತಾರೆ.

ನಾನು ಕೇಳುತ್ತಿರುವುದರಲ್ಲಿ ಹೆಚ್ಚು ಹಣ ಬೇಡುವಂಥದ್ದು ಏನೂ ಇಲ್ಲ. ಹಿಡಿ ತೆಂಗಿನ ನಾರು, ತುಂಡು ಜಾಲರಿ, 20 ಹನಿ ಬೇವಿನೆಣ್ಣೆ, ವರ್ಷಕ್ಕೊಂದು ದಿನ ಪಶುವೈದ್ಯರ ಬಾಗಿಲು. ನಾಯಿಗೆ ತನ್ನ ತುರಿಕೆಯನ್ನು, ಆಯಾಸವನ್ನು ಹೇಳಿಕೊಳ್ಳಲು ಬಾಯಿಲ್ಲ. ಅದು ಹೇಳದೆಯೇ ತಿಳಿದುಕೊಳ್ಳುವವರು ನೀವು ಎಂಬ ವಿಶ್ವಾಸದಿಂದ ಇಷ್ಟನ್ನು ಬರೆದಿದ್ದೇನೆ.

ಈ ಪುಟವನ್ನು ಮಡಚಿಟ್ಟ ಮೇಲೆ ದಯವಿಟ್ಟು ಒಮ್ಮೆ ಎದ್ದು ಹೊರಗೆ ಹೋಗಿ. ನಾಯಿಯ ನೀರಿನ ಬಟ್ಟಲನ್ನು ಬಗ್ಗಿ ನೋಡಿ. ಹಳೆಯ ನೀರನ್ನು ಬಿಸಿಲು ಬೀಳುವ ಒಣ ನೆಲಕ್ಕೆ ಚೆಲ್ಲಿ, ಬಟ್ಟಲನ್ನು ಉಜ್ಜಿ ತೊಳೆದು, ಹೊಸ ನೀರು ತುಂಬಿಡಿ.